ಕಾಪಿರೈಟ್ ಕಾಟವಿಲ್ಲದೆ ಚಾನೆಲ್ ಬೆಳೆಸಲು ಏಳು ಸೂತ್ರಗಳು

ಯಾದಗಿರಿ, ಶಹಾಪುರ, ಸುರಪುರದ ಕಡೆ ಈಗ ರೀಲ್ಸ್, ಯೂಟ್ಯೂಬ್ ಮಾಡುವ ಹುಡುಗ ಹುಡುಗಿಯರಿಲ್ಲದ ಊರು ಸಿಗುವುದು ಕಷ್ಟ. ಬೆವರು ಸುರಿಸಿ ಕಟ್ಟಿದ ಚಾನೆಲ್ ಒಂದು ಹಾಡಿನ ತುಣುಕಿಗೆ ಕೈತಪ್ಪಬಾರದು. ಕಾಪಿರೈಟ್ ಕಾನೂನು ತಿಳಿದುಕೊಂಡವರಿಗೆ ಅದೇ ಕಾವಲು.

1. ನಿಮ್ಮ ಊರನ್ನು ನೀವೇ ತೋರಿಸಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಯಾದಗಿರಿ ಕೋಟೆ, ಬೋನಾಳ ಕೆರೆಯ ಹಕ್ಕಿಗಳು ಕಣ್ಣೆದುರೇ ಇವೆ. ನಿಮಗಾಗಿ ನೀವೇ ತೆಗೆದ ದೃಶ್ಯಕ್ಕೆ ನೀವೇ ಒಡೆಯರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೆ ನೋಂದಣಿ ಕಡ್ಡಾಯವಲ್ಲ.

2. ‘ಕೃಪೆ: ಗೂಗಲ್’ ಅಂದರೆ ಅನುಮತಿಯಲ್ಲ. ಫೋಟೊ ತೆಗೆದವರನ್ನು ಹುಡುಕಿ, ವಾಟ್ಸ್‌ಆ್ಯಪ್‌ನಲ್ಲಾದರೂ ಒಪ್ಪಿಗೆ ಬರೆಸಿಕೊಂಡು ಜೋಪಾನ ಮಾಡಿ.

3. ಸೆಕೆಂಡಿನ ಲೆಕ್ಕ ನಂಬಬೇಡಿ. ಇಷ್ಟು ಸೆಕೆಂಡ್ ಹಾಡು ಬಳಸಿದರೆ ತಪ್ಪಿಲ್ಲ ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. 2022ರ ನವೆಂಬರ್‌ನಲ್ಲಿ ‘ಕೆಜಿಎಫ್ 2’ ಹಾಡಿನ ಬಳಕೆಗಾಗಿ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಬೆಂಗಳೂರಿನ ನ್ಯಾಯಾಲಯ ಆದೇಶಿಸಿತ್ತು. ಆ ವಿಡಿಯೊ ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು.

4. ಜಾತ್ರೆಯಲ್ಲಿ ಕಿವಿ ತೆರೆದಿರಲಿ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರುವುದನ್ನು ಚಿತ್ರೀಕರಿಸುತ್ತಿದ್ದೀರಿ ಎನ್ನಿ. ಪಕ್ಕದ ಅಂಗಡಿಯ ಸ್ಪೀಕರ್‌ನಲ್ಲಿ ಸಿನಿಮಾ ಹಾಡು ಬರುತ್ತಿದೆ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಗುರುತು ಹಿಡಿದರೆ ನಿಮ್ಮ ವಿಡಿಯೊದ ಜಾಹೀರಾತಿನ ಹಣ ಹಾಡಿನ ಮಾಲೀಕರ ಪಾಲಾಗಬಹುದು. ಸ್ಪೀಕರ್‌ನಿಂದ ದೂರ ನಿಲ್ಲಿ. ಜನರ ಕೇಕೆ, ಶಿಳ್ಳೆಗಳೇ ಸಾಕು. ಮದುವೆ ಮೆರವಣಿಗೆಗೂ ಇದೇ ಮಾತು: ಅಲ್ಲಿ ಹಾಡು ಹಾಕಲು ಕಾಯ್ದೆಯ 52ನೇ ಕಲಮಿನ ವಿನಾಯಿತಿ ಇದೆ. ಆ ವಿನಾಯಿತಿ ವಿಡಿಯೊ ಅಪ್‌ಲೋಡ್‌ಗೂ ಸಿಗುತ್ತದೆ ಎಂದುಕೊಳ್ಳಬೇಡಿ.

5. ಹಳೆಯ ಪದವಾದರೂ ಹಾಡಿದವರನ್ನು ಕೇಳಿ. ಕವಿ ತೀರಿಕೊಂಡು 60 ವರ್ಷ ಕಳೆದ ಮೇಲೆ ರಚನೆ ಎಲ್ಲರದು. ತಿಂಥಣಿ ಮೌನೇಶ್ವರರ ವಚನವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನಿಮ್ಮೂರ ಭಜನಾ ಮಂಡಳಿ ಹಾಡಿದ್ದನ್ನು ಹಾಗೇ ಎತ್ತಿ ಹಾಕುವಂತಿಲ್ಲ. ಹಾಡಿದವರಿಗೆ 50 ವರ್ಷ, ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕಿದೆ. ಒಪ್ಪಿಗೆ ಪಡೆಯಿರಿ, ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ. ಕಲಾವಿದರ ಹೊಟ್ಟೆಯ ಮೇಲೆ ಹೊಡೆದು ಗಳಿಸುವುದು ಯಶಸ್ಸಲ್ಲ.

6. ಕಾಪಿರೈಟ್ ಸ್ಟ್ರೈಕ್ (ದೂರಿನ ಮೇಲೆ ಬರುವ ಎಚ್ಚರಿಕೆ) ಬಂದರೆ ಗಾಬರಿ ಬೇಡ, ಉಡಾಫೆಯೂ ಬೇಡ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಯೂಟ್ಯೂಬ್ ಚಾನೆಲ್ಲೇ ಹೋಗಬಹುದು. ತಪ್ಪು ನಿಮ್ಮದಾದರೆ ಮಾಲೀಕರನ್ನು ಸಂಪರ್ಕಿಸಿ ದೂರು ಹಿಂಪಡೆಯಲು ವಿನಂತಿಸಿ. ವಿಮರ್ಶೆಗೋ ಸುದ್ದಿಗೋ ನ್ಯಾಯವಾಗಿಯೇ ಬಳಸಿದ್ದರೆ ಕಾರಣ ಕೊಟ್ಟು ಪ್ರತಿವಾದ ಸಲ್ಲಿಸಿ.

7. ನಿಮ್ಮದನ್ನು ಕದ್ದರೆ ಸುಮ್ಮನಿರಬೇಡಿ. ಮೂಲ ಫೈಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಹಕ್ಕು ಸಾಬೀತುಪಡಿಸಲು ಅವೇ ಆಧಾರ. ಕದ್ದ ವಿಡಿಯೊದ ಲಿಂಕ್, ಸ್ಕ್ರೀನ್‌ಶಾಟ್ ಸಮೇತ ಆ ವೇದಿಕೆಗೇ ದೂರು ಕೊಡಿ. ಗೊತ್ತಿದ್ದೂ ಕದ್ದವರಿಗೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಬೆಂಗಳೂರಿನ ದೊಡ್ಡ ಕಂಪನಿಗೆ ಇರುವ ಹಕ್ಕೇ ಸುರಪುರದ ಹುಡುಗಿಗೂ ಇದೆ. ಧೈರ್ಯವಾಗಿ ಬಳಸಿಕೊಳ್ಳಿ.