ಮೂರು ಕಂಪ್ಯೂಟರು, ಒಂದು ವಂಶವೃಕ್ಷ

ವಂಶಾವಳಿ ತಂತ್ರಾಂಶದ ಮಾಹಿತಿ ಒಂದು ದತ್ತಸಂಚಯದಲ್ಲಿ ಕೂತಿರುತ್ತದೆ. ವ್ಯಕ್ತಿಯ ಹೆಸರು, ಹುಟ್ಟು, ಮದುವೆ, ಊರು, ಫೋಟೋ, ಆ ವಿವರ ಎಲ್ಲಿ ಸಿಕ್ಕಿತೆಂಬ ಆಕರ ಇವೆಲ್ಲ ಅದರಲ್ಲಿ ಬೇರೆ ಬೇರೆ ದಾಖಲೆಗಳು; ಅವನ್ನು ಒಂದಕ್ಕೊಂದು ಹೆಣೆಯುವುದು ಬಳಸುವವರ ಕಣ್ಣಿಗೆ ಬೀಳದ ಗುರುತುಸಂಖ್ಯೆಗಳು. ಈ ಹೆಣಿಗೆ ಹರಿಯದಂತೆ ವೃಕ್ಷವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯುವುದು ಪೆನ್‌ಡ್ರೈವಿಗೆ ಪತ್ರವೊಂದನ್ನು ನಕಲು ಮಾಡಿಕೊಂಡಷ್ಟು ಸಲೀಸಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಗ್ರ್ಯಾಂಪ್ಸ್ ಎಂಬ ಮುಕ್ತ ತಂತ್ರಾಂಶವನ್ನು. 2001ರಲ್ಲಿ ಡಾನ್ ಆಲಿಂಗ್‌ಹ್ಯಾಮ್ ಆರಂಭಿಸಿದ ಇದು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕನ್ನಡದ ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಬಹುದು. ಈ ಲೇಖಕನ ಮನೆತನದ ವೃಕ್ಷ ಬೆಳೆದದ್ದು ಮೂರು ಕಡೆ: ಬೆಂಗಳೂರಿನ ಮನೆಯ ಲಿನಕ್ಸ್ ಯಂತ್ರ, ಊರೂರು ತಿರುಗುವಾಗ ಜೊತೆಗಿದ್ದ ವಿಂಡೋಸ್ ಲ್ಯಾಪ್‌ಟಾಪ್, ಶಿರಸಿಯಲ್ಲಿ ತಂಗಿಯ ಮನೆಯ ಹಳೆಯ ಮ್ಯಾಕ್. ಮುಂದೆ ಬರುವ ಎಡವಟ್ಟುಗಳೆಲ್ಲ ಈ ಮೂರರ ನಡುವೆ ಆದವು.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಕ್ಲೌಡ್ ಫೋಲ್ಡರ್. ದತ್ತಸಂಚಯದ ಕಡತಕೋಶವನ್ನೇ ಅದರೊಳಗೆ ಇಟ್ಟುಬಿಟ್ಟರೆ ಮೂರು ಯಂತ್ರಗಳೂ ತಾವಾಗಿ ಒಂದಾಗಿರುತ್ತವೆ ಎಂಬ ಲೆಕ್ಕ. ಕೆಲವು ವಾರ ಹಾಗೆಯೇ ನಡೆಯುತ್ತದೆ ಕೂಡ. ಅಪಾಯ ಇರುವುದೇ ಅಲ್ಲಿ. ಈಚಿನ ಗ್ರ್ಯಾಂಪ್ಸ್ ಎಸ್‌ಕ್ಯೂಲೈಟ್ ದತ್ತಸಂಚಯವನ್ನು ಬಳಸುತ್ತದೆ. ಬರವಣಿಗೆ ನಡೆಯುವಾಗ ಎಸ್‌ಕ್ಯೂಲೈಟ್ ಮುಖ್ಯ ಕಡತದ ಪಕ್ಕದಲ್ಲೇ ಒಂದು ತಾತ್ಕಾಲಿಕ ದಿನಚರಿ ಕಡತವನ್ನು ಇಟ್ಟುಕೊಳ್ಳುತ್ತದೆ. ಇವೆರಡೂ ಒಟ್ಟಿಗಿದ್ದರೆ ಮಾತ್ರ ಅರ್ಥ. ಕ್ಲೌಡ್ ಸೇವೆಗೆ ಅದು ತಿಳಿಯದು. ಅದು ಒಂದನ್ನು ಈಗ, ಇನ್ನೊಂದನ್ನು ಆಮೇಲೆ ಸಾಗಿಸುತ್ತದೆ. ಅರ್ಧ ಬರೆದ ಕಡತ ಇನ್ನೊಂದು ಊರಿನಲ್ಲಿ ತೆರೆದುಕೊಳ್ಳುತ್ತದೆ.

ಇಬ್ಬರು ಒಟ್ಟಿಗೆ ತೆರೆಯದಂತೆ ಗ್ರ್ಯಾಂಪ್ಸ್ ಬೀಗ ಹಾಕುತ್ತದೆ, ನಿಜ. ಆದರೆ ಆ ಬೀಗವೂ ಅದೇ ಫೋಲ್ಡರಿನ ಒಂದು ಪುಟ್ಟ ಕಡತ. ಬೆಂಗಳೂರಿನಲ್ಲಿ ಹಾಕಿದ ಬೀಗ ಶಿರಸಿಗೆ ತಲುಪುವಷ್ಟರಲ್ಲಿ ಅಲ್ಲಿಯವರು ಒಳಗೆ ಹೊಕ್ಕು ಕೂತಿರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರ ಆರಿದರೆ ಉಲ್ಟಾ ತೊಂದರೆ: ಒಳಗೆ ಯಾರೂ ಇಲ್ಲ, ಬೀಗ ಮಾತ್ರ ಉಳಿದಿದೆ. ಬೀಗ ಮುರಿಯುವ ಗುಂಡಿ ತಂತ್ರಾಂಶದಲ್ಲೇ ಇದೆ. ಎರಡು ಸಲ ನಿರಪಾಯವಾಗಿ ಮುರಿದವರು ಮೂರನೆಯ ಸಲ ಯೋಚಿಸುವುದಿಲ್ಲ. ಈ ಲೇಖಕ ಹಾಗೆ ಮುರಿದ ಒಂದು ಸಂಜೆ ತಂಗಿ ನಿಜವಾಗಿಯೂ ಒಳಗಿದ್ದಳು. ಸೋದರತ್ತೆಯ ಕಡೆಯ ಒಂದು ಕವಲು ಪೂರ್ತಿ ಹೋಯಿತು. ಕ್ಲೌಡ್ ಫೋಲ್ಡರ್ ಬ್ಯಾಕಪ್ ಇಡಲು ಒಳ್ಳೆಯ ಜಾಗ, ಜೀವಂತ ದತ್ತಸಂಚಯಕ್ಕೆ ಕೆಟ್ಟ ಜಾಗ. ಮನೆಯೊಳಗಿನ ನೆಟ್‌ವರ್ಕ್ ಡಿಸ್ಕಿಗೂ ಇದೇ ಮಾತು: ಅಲ್ಲಿ ಕಡತದ ಬೀಗಗಳನ್ನು ನಂಬಬಾರದೆಂದು ಎಸ್‌ಕ್ಯೂಲೈಟ್ ರೂಪಿಸಿದವರೇ ಎಚ್ಚರಿಸಿದ್ದಾರೆ.

ಸುರಕ್ಷಿತ ದಾರಿ ರಫ್ತು ಮತ್ತು ಆಮದು. ಗ್ರ್ಯಾಂಪ್ಸ್ ತನ್ನದೇ ಎಕ್ಸ್‌ಎಂಎಲ್ ರೂಪದಲ್ಲಿ ಇಡೀ ವೃಕ್ಷವನ್ನು ಒಂದೇ ಕಡತವಾಗಿ ಹೊರಹಾಕುತ್ತದೆ. ಫೋಟೋಗಳೂ ಬೇಕೆಂದರೆ ಎಲ್ಲವನ್ನೂ ಸೇರಿಸಿ ಕಟ್ಟಿದ ಪೊಟ್ಟಣವಾಗಿ. ಇನ್ನೊಂದು ಯಂತ್ರದಲ್ಲಿ ಅದನ್ನು ಖಾಲಿ ವೃಕ್ಷದೊಳಗೆ ತುಂಬಿಕೊಳ್ಳಬೇಕು. ಖಾಲಿ ಎಂಬ ಮಾತನ್ನು ಅಡಿಗೆರೆ ಎಳೆದು ಓದಬೇಕು. ಆಗಲೇ ಜನ ತುಂಬಿರುವ ವೃಕ್ಷಕ್ಕೆ ಆಮದು ಮಾಡಿದರೆ ಮನೆಮಂದಿಯೆಲ್ಲ ಎರಡೆರಡಾಗುತ್ತಾರೆ. ಎಲ್ಲ ಯಂತ್ರಗಳಲ್ಲಿ ಒಂದೇ ಆವೃತ್ತಿಯ ತಂತ್ರಾಂಶ ಇರುವುದೂ ಮುಖ್ಯ: ಹೊಸ ಆವೃತ್ತಿ ಹಳೆಯ ವೃಕ್ಷವನ್ನು ಮೇಲ್ದರ್ಜೆಗೇರಿಸಿದ ಮೇಲೆ ಅದನ್ನು ಹಳೆಯ ಆವೃತ್ತಿ ತೆರೆಯಲಾರದು.

ಬೇರೆ ಬೇರೆ ತಂತ್ರಾಂಶಗಳ ನಡುವಿನ ಸಾಮಾನ್ಯ ಭಾಷೆ ಜೆಡ್‌ಕಾಮ್. ಮಾರ್ಮನ್ ಚರ್ಚು ರೂಪಿಸಿದ ಈ ರೂಪ ಹೆಚ್ಚುಕಡಿಮೆ ಎಲ್ಲ ವಂಶಾವಳಿ ತಂತ್ರಾಂಶಗಳಿಗೂ ಅರ್ಥವಾಗುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ. ಒಂದೇ ಮದುವೆಗೆ ಸಾಕ್ಷಿಯಾಗಿದ್ದ ಹಲವರನ್ನು ಕೂಡಿಸಿದ ಘಟನೆ, ಗ್ರಾಮ-ತಾಲ್ಲೂಕು-ಜಿಲ್ಲೆ ಎಂದು ಮೆಟ್ಟಿಲಾಗಿ ಬರೆದ ಸ್ಥಳ, ಹಚ್ಚಿಕೊಂಡ ಬಣ್ಣದ ಚೀಟಿ, ಇಂಥವು ದಾರಿಯಲ್ಲಿ ಉದುರುತ್ತವೆ. ಹೆಸರಿನಲ್ಲಿ ಕುಲನಾಮವನ್ನು ಎರಡು ಓರೆಗೆರೆಗಳ ನಡುವೆ ಇಡುವುದು ಜೆಡ್‌ಕಾಮ್ ಪದ್ಧತಿ. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಎಂದು ಬರೆಯುವ ನಮ್ಮವರಲ್ಲಿ ಆ ಗೆರೆಗಳ ನಡುವೆ ಏನಿಡಬೇಕೆಂದು ಮನೆಯವರೇ ಕೂತು ತೀರ್ಮಾನಿಸಬೇಕಾಗುತ್ತದೆ. ಈ ಮನೆಯಲ್ಲಿ ಮೂವರು ಮೂರು ಬಗೆಯಾಗಿ ತೀರ್ಮಾನಿಸಿದ್ದರು.

ಕನ್ನಡದ ತೊಡಕುಗಳು ಇನ್ನಷ್ಟು ಸೂಕ್ಷ್ಮ. 1990ರ ದಶಕದ ಜೆಡ್‌ಕಾಮ್ ಆನ್ಸೆಲ್ ಎಂಬ ಅಕ್ಷರಸಂಕೇತವನ್ನು ಬಳಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ರಫ್ತು ಮಾಡುವಾಗ ಯೂನಿಕೋಡ್‌ನ ಯುಟಿಎಫ್-8 ಆರಿಸದಿದ್ದರೆ ಅಜ್ಜಂದಿರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹಿಂತಿರುಗುತ್ತಾರೆ. 2021ರ 7.0 ಆವೃತ್ತಿ ಯುಟಿಎಫ್-8 ಒಂದನ್ನೇ ಒಪ್ಪುತ್ತದೆ. ಹಾಗೆಂದು ಯೂನಿಕೋಡ್ ಎಲ್ಲವನ್ನೂ ಬಗೆಹರಿಸಿಲ್ಲ. ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘವನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳು ಕಡತಗಳ ಹೆಸರನ್ನು ಒಡೆದ ರೂಪದಲ್ಲಿ ಇಡುತ್ತಿದ್ದವು. ಅದರಿಂದಾಗಿ ಶಿರಸಿಯಲ್ಲಿ ‘ಕೊಪ್ಪದ ಮನೆ’ ಎಂದು ಹೆಸರಿಟ್ಟ ಫೋಟೋ ಬೆಂಗಳೂರಿನ ಲಿನಕ್ಸ್‌ನಲ್ಲಿ ಕಣ್ಣೆದುರೇ ಇದ್ದರೂ ತಂತ್ರಾಂಶಕ್ಕೆ ಸಿಗಲಿಲ್ಲ. ಫೋಟೋ ಕಡತಗಳಿಗೆ ಕನ್ನಡದ ಹೆಸರಿಡುವ ಆಸೆಯನ್ನು ಅಲ್ಲಿಗೆ ಬಿಟ್ಟು, ರೋಮನ್ ಅಕ್ಷರ ಮತ್ತು ಅಂಕಿಗಳಿಗೆ ಇಳಿಯಬೇಕಾಯಿತು. ಬೇಸರದ ರಾಜಿ, ಆದರೆ ಕೆಲಸ ಮಾಡುವ ರಾಜಿ. ಫೋಟೋಗಳ ವಿಳಾಸವನ್ನೂ ವಿಂಡೋಸ್‌ನ ಡ್ರೈವ್ ಅಕ್ಷರದಿಂದ ಆರಂಭವಾಗುವ ಪೂರ್ಣ ದಾರಿಯಾಗಿ ಇಡಬಾರದು; ಆಯ್ಕೆಗಳಲ್ಲಿ ಮೂಲ ಫೋಲ್ಡರ್ ಸೂಚಿಸಿ, ಅಲ್ಲಿಂದ ಮುಂದಿನ ದಾರಿಯನ್ನಷ್ಟೇ ದಾಖಲಿಸಬೇಕು.

ಎರಡು ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಬೆಳೆದ ವೃಕ್ಷಗಳನ್ನು ಕೂಡಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಜೋಡಿ ದಾಖಲೆಗಳನ್ನು ಹುಡುಕುವ ಸಾಧನವನ್ನು ಗ್ರ್ಯಾಂಪ್ಸ್ ಕೊಟ್ಟಿದೆ. ಉಚ್ಚಾರಣೆಯ ಹೋಲಿಕೆಗೆ ಅದು ಸೌಂಡೆಕ್ಸ್ ಬಳಸಬಲ್ಲದು. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಆ ಕ್ರಮ ರೋಮನ್ ಅಕ್ಷರಗಳಿಗಾಗಿ ಹುಟ್ಟಿದ್ದು, ಕನ್ನಡ ಹೆಸರಿನ ಮುಂದೆ ಅದಕ್ಕೆ ಕಿವಿ ಕೇಳಿಸದು. ಅದಕ್ಕಿಂತ ದೊಡ್ಡ ಗೋಜಲು ನಮ್ಮ ಪದ್ಧತಿಗಳಲ್ಲೇ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಸೋದರಮಾವನಿಗೆ ಕೊಟ್ಟ ಮದುವೆಗಳಲ್ಲಿ ಒಬ್ಬಳೇ ಹೆಂಗಸು ಅಕ್ಕನ ಮಗಳಾಗಿಯೂ ಹೆಂಡತಿಯಾಗಿಯೂ ಎರಡು ಕಡೆ ಕಾಣಿಸುತ್ತಾಳೆ. ಹುಟ್ಟಿದ ವರ್ಷಕ್ಕೆ ಎಷ್ಟೋ ವೇಳೆ ಸಂವತ್ಸರದ ಹೆಸರೊಂದೇ ಆಧಾರ. ಗ್ರ್ಯಾಂಪ್ಸ್‌ನಲ್ಲಿ ಇಸ್ಲಾಮಿ, ಹೀಬ್ರೂ, ಪರ್ಷಿಯನ್, ಫ್ರೆಂಚ್ ಕ್ರಾಂತಿಯ ಪಂಚಾಂಗಗಳಿವೆ. ಶಾಲಿವಾಹನ ಶಕವಾಗಲಿ ಸಂವತ್ಸರವಾಗಲಿ ಇಲ್ಲ. ಆದ್ದರಿಂದ ‘ರಕ್ತಾಕ್ಷಿ ಸಂವತ್ಸರ’ ಎಂದು ಬರೆದರೆ ಅದು ಬರೀ ಪಠ್ಯವಾಗಿ ಉಳಿಯುತ್ತದೆ. ರಕ್ತಾಕ್ಷಿ 1924ರಲ್ಲೂ ಬಂದಿತ್ತು, 1984ರಲ್ಲೂ ಬಂತು. ಈ ಮನೆತನದಲ್ಲಿ ಅಜ್ಜ ಮೊದಲನೆಯದರಲ್ಲಿ ಹುಟ್ಟಿದ, ಅವನದೇ ಹೆಸರಿನ ಮೊಮ್ಮಗ ಎರಡನೆಯದರಲ್ಲಿ. ಲ್ಯಾಪ್‌ಟಾಪಿನಲ್ಲಿದ್ದ ಅಜ್ಜನೂ ಮ್ಯಾಕ್‌ನಲ್ಲಿದ್ದ ಮೊಮ್ಮಗನೂ ಒಂದೇ ಎಂದು ತಂತ್ರಾಂಶ ಸೂಚಿಸಿತು, ನಿದ್ದೆಗಣ್ಣಿನಲ್ಲಿದ್ದ ಮನುಷ್ಯ ಒಪ್ಪಿದ. ಮೊಮ್ಮಗ ತನ್ನ ಅಪ್ಪನಿಗೇ ಅಪ್ಪನಾದ. ಅದು ಗೊತ್ತಾದದ್ದು ಮುದ್ರಿಸಿದ ನಕ್ಷೆಯನ್ನು ಚೌತಿ ಹಬ್ಬದ ದಿನ ಗೋಡೆಗೆ ಹಚ್ಚಿದಾಗ.

ಆ ಬಳಿಕ ರೂಢಿಯಾದ ಕ್ರಮ ಸರಳ. ತಾಯಿಪ್ರತಿ ಒಂದೇ, ಅದು ಬೆಂಗಳೂರಿನ ಯಂತ್ರದಲ್ಲಿದೆ, ಅದರಲ್ಲಿ ಬರೆಯುವವನು ಒಬ್ಬನೇ. ಉಳಿದ ಎರಡರಲ್ಲಿ ಇರುವುದು ತಿಂಗಳಿಗೊಮ್ಮೆ ಹಳೆಯದನ್ನು ಅಳಿಸಿ ಹೊಸದಾಗಿ ತುಂಬಿದ ನಕಲು, ನೋಡುವುದಕ್ಕೆ ಮಾತ್ರ. ಹೊಸ ವಿಷಯ ಸಿಕ್ಕರೆ ತಂಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಪುಟದ ಫೋಟೋ ಕಳಿಸುತ್ತಾಳೆ. ಉತ್ತರ ಕರ್ನಾಟಕದ ಹೆಳವರು ನಡೆಸಿಕೊಂಡು ಬಂದದ್ದೂ ಹೆಚ್ಚುಕಡಿಮೆ ಇದನ್ನೇ: ಒಕ್ಕಲು ಮನೆಗಳ ವಂಶಾವಳಿ ಅವರ ಹೊತ್ತಿಗೆಯಲ್ಲಿರುತ್ತದೆ, ಊರಿಗೆ ಬಂದಾಗ ಹೊಸ ಹುಟ್ಟುಗಳನ್ನು ಕೇಳಿ ಅವರೇ ಸೇರಿಸಿಕೊಳ್ಳುತ್ತಾರೆ, ಮನೆಯವರು ಹೊತ್ತಿಗೆಗೆ ಕೈ ಹಾಕುವುದಿಲ್ಲ.

ಹಲವರು ಒಟ್ಟಿಗೆ ಬರೆಯಲೇಬೇಕಾದ ದೊಡ್ಡ ಕುಟುಂಬಗಳಿಗೆ ಗ್ರ್ಯಾಂಪ್ಸ್ ವೆಬ್ ಇದೆ. ದತ್ತಸಂಚಯ ಒಂದು ಸರ್ವರಿನಲ್ಲಿ ಕೂರುತ್ತದೆ. ಎಲ್ಲರೂ ಬ್ರೌಸರಿನಿಂದ ಅದೇ ಪ್ರತಿಯನ್ನು ತಲುಪುತ್ತಾರೆ. ಅತಿಥಿಗೆ ನೋಡುವ ಹಕ್ಕು, ಸಂಪಾದಕನಿಗೆ ತಿದ್ದುವ ಹಕ್ಕು ಎಂದು ಬೇರೆ ಬೇರೆ ಕೊಡಬಹುದು; ಖಾಸಗಿ ಎಂದು ಗುರುತಿಸಿದ ವಿವರ ಅತಿಥಿಗೆ ಕಾಣಿಸದು. ಮನೆಯ ಪುಟ್ಟ ರಾಸ್ಪ್‌ಬೆರಿ ಪೈ ಯಂತ್ರದಲ್ಲೂ ಅದನ್ನು ನಡೆಸಬಹುದು, ಆದರೆ ನೋಡಿಕೊಳ್ಳುವವರೊಬ್ಬರು ಬೇಕು. ಮೇಜಿನ ಯಂತ್ರದ ವೃಕ್ಷವನ್ನು ಸರ್ವರಿನದಕ್ಕೆ ಹೊಂದಿಸುವ ಪೂರಕ ಸಾಧನವೊಂದಿದೆ. ಬದಲಾವಣೆಗಳನ್ನು ಜಾರಿಗೆ ತರುವ ಮುನ್ನ ಅದು ಪಟ್ಟಿ ಮಾಡಿ ತೋರಿಸುತ್ತದೆ. ಆ ಪಟ್ಟಿಯನ್ನು ಹಗಲು ಹೊತ್ತಿನಲ್ಲಿ ಓದುವುದು ಒಳ್ಳೆಯದು.