ಪುಟ್ಟ ಜಾಲತಾಣಕ್ಕೆ ದೊಡ್ಡ ಖರ್ಚು ಬೇಡ

ಊರಿನ ಗ್ರಂಥಾಲಯಕ್ಕೋ, ಯಕ್ಷಗಾನ ಮೇಳಕ್ಕೋ, ನಿಮ್ಮದೇ ಕವಿತೆಗಳಿಗೋ ನಾಲ್ಕಾರು ಪುಟದ ಜಾಲತಾಣ ಬೇಕೇ? ಹೋಸ್ಟಿಂಗ್‌ಗೆಂದು ಮೂರು ವರ್ಷದ ಹಣ ಒಟ್ಟಿಗೆ ಕಟ್ಟುವ ಮೊದಲು ಯೋಚಿಸಿ: ಬಂದವರು ಅಲ್ಲಿ ಲಾಗಿನ್ ಆಗಬೇಕೇ, ಏನನ್ನಾದರೂ ಕೊಳ್ಳಬೇಕೇ? ಬರೀ ಓದಿ, ಚಿತ್ರ ನೋಡಿ ಹೋಗುವುದಾದರೆ ಡೇಟಾಬೇಸ್ ಬೇಡ. ಸಿದ್ಧ ಎಚ್‌ಟಿಎಂಎಲ್ ಪುಟಗಳು ಸಾಕು. ಅಂಥವನ್ನು ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಕಾಸು ಕೇಳದೆ ಇಟ್ಟುಕೊಳ್ಳುತ್ತವೆ. ಗಿಟ್‌ಹಬ್‌ನಲ್ಲಿ ತಾಣದ ಗಾತ್ರ 1 ಜಿಬಿ ಮೀರಬಾರದು, ಉಚಿತ ಖಾತೆಯಾದರೆ ಮೂಲ ಕಡತಗಳು ಎಲ್ಲರಿಗೂ ಕಾಣುವಂತಿರಬೇಕು, ಅಂಗಡಿ ನಡೆಸುವಂತಿಲ್ಲ. ಎಚ್‌ಟಿಟಿಪಿಎಸ್ ಭದ್ರತೆ ಜೊತೆಗೇ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಕೋಡ್ ಎಂದರೆ ಅಳುಕುವವರಿಗೆ ಬ್ಲಾಗರ್ ಇದೆ; ಸ್ವಂತ ಡೊಮೇನನ್ನೂ, ಅಂದರೆ ತಾಣದ ವಿಳಾಸವನ್ನೂ, ಅದಕ್ಕೆ ಜೋಡಿಸಬಹುದು.

ಖರ್ಚು ಮಾಡಿ ಎಂದು ನಾನು ಒತ್ತಾಯಿಸುವುದು ಈ ಡೊಮೇನ್‌ಗೆ ಮಾತ್ರ. ಅದು ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿಯಾಗಲಿ. ತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಖಂಡಿತ ಬೇಡ. ವಿಳಾಸ ನಿಮ್ಮ ಕೈಲಿದ್ದರೆ ಹೋಸ್ಟಿಂಗ್ ಯಾವಾಗ ಬೇಕಾದರೂ ಬದಲಿಸಬಹುದು. ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ನವೀಕರಣದ ದರ ನೋಡಿ. ಅದು ಹಲವು ಪಟ್ಟು ಏರುವುದುಂಟು.

ಉಚಿತ ಸೇವೆ ಒಂದು ದಿನ ನಿಲ್ಲಲೂಬಹುದು. 2009ರಲ್ಲಿ ಯಾಹೂ ತನ್ನ ಉಚಿತ ಜಾಲತಾಣ ಸೇವೆಯಾದ ಜಿಯೋಸಿಟೀಸನ್ನು ಮುಚ್ಚಿದಾಗ ಜನ ಅಕ್ಕರೆಯಿಂದ ಕಟ್ಟಿದ ಲಕ್ಷಾಂತರ ಪುಟಗಳು ಅಲ್ಲಿಂದ ಮಾಯವಾದವು; ಸ್ವಯಂಸೇವಕರು ಉಳಿಸಿದ್ದು ಒಂದು ಪಾಲನ್ನಷ್ಟೇ. ತಾಣದಲ್ಲಿ ಏನು ಬದಲಿಸಿದರೂ ಕಡತಗಳ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.