ಸಾರಜನಕದ ಉಂಗುರಗಳೂ ವೇಗವರ್ಧಕಗಳೂ

ಬೆಂಗಳೂರಿನ ಮತ್ತಿಕೆರೆಯ ಮಗ್ಗುಲಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ಆವರಣವಿದೆ. ಸುತ್ತಮುತ್ತಲಿನ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. ಮೈಸೂರು ಸಂಸ್ಥಾನವು ದಾನವಾಗಿತ್ತ 371 ಎಕರೆ ಭೂಮಿಯಲ್ಲಿ 1909ರಲ್ಲಿ ಜನ್ಮ ತಾಳಿದ ಈ ಸಂಸ್ಥೆಯ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್ ಅವರು ರಸಾಯನ ವಿಜ್ಞಾನಿಗಳು. ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ವಿಲಿಯಂ ರಾಮ್ಸೆ ಅವರೊಡನೆ ಕಂಡುಹಿಡಿದವರು. ಸಂಸ್ಥೆಯಿಂದ ಪೂರ್ವಕ್ಕೆ ಸಾಗಿದರೆ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಅದೇ ರಸ್ತೆಯಲ್ಲಿ ಮುಂದೆ ಉತ್ತರಕ್ಕೆ ಹೆಬ್ಬಾಳ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಈ ಮೂರು ತಾಣಗಳನ್ನು ಸಾವಯವ ರಸಾಯನಶಾಸ್ತ್ರದ ಒಂದು ಅಧ್ಯಾಯವು ಪರಸ್ಪರ ಹೆಣೆದಿದೆ. ಸಾರಜನಕವನ್ನೊಳಗೊಂಡ ಉಂಗುರ ಸಂಯುಕ್ತಗಳು ಮತ್ತು ಅವುಗಳನ್ನು ಕಟ್ಟುವ ವೇಗವರ್ಧಕಗಳು ಆ ಅಧ್ಯಾಯದ ವಸ್ತು.

ಉಂಗುರ ಸಂಯುಕ್ತವೆಂದರೆ ಶಾಲೆಯ ವಿದ್ಯಾರ್ಥಿಗೆ ನೆನಪಾಗುವುದು ಬೆನ್‌ಜೀನಿನ ಷಟ್ಕೋನ. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತಿರುವ ಆ ವೃತ್ತದಲ್ಲಿ ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಸಾರಜನಕವನ್ನಿರಿಸಿದರೆ ಪಿರಿಡೀನ್ ಆಗುತ್ತದೆ. ಕಾಗದದ ಮೇಲೆ ಇದು ಒಂದೇ ಅಕ್ಷರದ ವ್ಯತ್ಯಾಸ. ಗುಣದಲ್ಲಿಯಾದರೋ ಅಜಗಜಾಂತರ. ಬೆನ್‌ಜೀನ್ ನೀರಿನೊಡನೆ ಬೆರೆಯದು. ಪಿರಿಡೀನ್ ಯಾವ ಪ್ರಮಾಣದಲ್ಲಿಯಾದರೂ ಬೆರೆಯುತ್ತದೆ. ಸಾರಜನಕದ ಬಳಿ ಯಾರೊಡನೆಯೂ ಹಂಚಿಕೊಳ್ಳದ ಒಂದು ಜೋಡಿ ಇಲೆಕ್ಟ್ರಾನುಗಳಿರುವುದೇ ಇದಕ್ಕೆ ಕಾರಣ. ಆ ಜೋಡಿಯ ಬಲದಿಂದ ಉಂಗುರವು ನೀರನ್ನೂ ಆಮ್ಲವನ್ನೂ ಲೋಹವನ್ನೂ ಹಿಡಿದುಕೊಳ್ಳಬಲ್ಲುದು. ಜೀವಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳಬಲ್ಲುದು. ಆದುದರಿಂದಲೇ ಜೀವಲೋಕದಲ್ಲಿ ಇವು ಎಲ್ಲೆಲ್ಲೂ ಕಾಣಸಿಗುತ್ತವೆ. ಆನುವಂಶಿಕ ಲಿಪಿಯನ್ನು ಹೊತ್ತ ನಾಲ್ಕು ಕ್ಷಾರಗಳು, ಎಲೆಯ ಹರಿತ್ತು, ರಕ್ತದ ಕೆಂಪು, ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಹಳೆಯ ಕಾಲದ ನೀಲಿ ಬಣ್ಣ, ಮಲೆನಾಡಿನ ಚಳಿಜ್ವರಕ್ಕೆ ಮದ್ದಾಗಿದ್ದ ಕ್ವಿನೈನ್ ಇವೆಲ್ಲವೂ ಸಾರಜನಕದ ಉಂಗುರಗಳೇ.

ಈ ಉಂಗುರಗಳ ಮಹತ್ವವನ್ನು ಅರಿಯಲು ಕ್ಷಯರೋಗದ ಮದ್ದಿಗಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದನಾದರೂ ಅದನ್ನು ಕೊಲ್ಲುವ ಔಷಧಕ್ಕಾಗಿ ಲೋಕವು ಆರು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. 1952ರಲ್ಲಿ ಮೂರು ಬೇರೆ ಬೇರೆ ಔಷಧ ಸಂಸ್ಥೆಗಳ ವಿಜ್ಞಾನಿಗಳು ಏಕಕಾಲದಲ್ಲಿ ಐಸೋನಿಯಾಜಿಡ್ ಎಂಬ ಪುಟ್ಟ ಅಣುವಿನ ಶಕ್ತಿಯನ್ನು ಕಂಡರು. ಪಿರಿಡೀನ್ ಉಂಗುರಕ್ಕೆ ಹೈಡ್ರಜೀನಿನ ಬಾಲವೊಂದು ಅಂಟಿಕೊಂಡಿದೆ. ಅಷ್ಟೇ ಅದರ ರಚನೆ. ಸೋಜಿಗದ ಸಂಗತಿಯೆಂದರೆ, ಈ ವಸ್ತುವನ್ನು ಪ್ರಾಗ್ ನಗರದಲ್ಲಿ ಮೇಯರ್ ಮತ್ತು ಮಾಲಿ ಎಂಬಿಬ್ಬರು 1912ರಲ್ಲಿಯೇ ತಯಾರಿಸಿದ್ದರು. ಅದು ಮದ್ದೆಂದು ತಿಳಿಯದೆ ಜಗತ್ತು ನಲವತ್ತು ವರ್ಷಗಳನ್ನು ಕಳೆಯಿತು. ಆ ನಲವತ್ತು ವರ್ಷಗಳಲ್ಲಿ ಕ್ಷಯದಿಂದ ಮಡಿದವರನ್ನು ನೆನೆದರೆ, ಅಣುವನ್ನು ಕಟ್ಟುವುದು ಬೇರೆ, ಅದರ ಯೋಗ್ಯತೆಯನ್ನರಿಯುವುದು ಬೇರೆ ಎಂಬುದು ನೋವಿನಿಂದಲೇ ಮನವರಿಕೆಯಾಗುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾದದ್ದು 1959ರಲ್ಲಿ. 1960ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಯಾಯಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಯೊದಗಿಸಿದ್ದು ಈ ಸಂಸ್ಥೆಯ ಅಧ್ಯಯನಗಳೇ. ರೋಗಿಯನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸದೆ, ಅವನ ಮನೆಯಲ್ಲಿಯೇ ಇರಿಸಿ ಗುಳಿಗೆಗಳಿಂದ ಗುಣಪಡಿಸಬಹುದೆಂಬ ವಿಚಾರ ಕಾರ್ಯರೂಪಕ್ಕೆ ಬಂದುದಕ್ಕೆ ಗುಳಿಗೆಯು ಅಗ್ಗವಾಗಿದ್ದುದೂ ಒಂದು ಕಾರಣ. ಗುಳಿಗೆ ಅಗ್ಗವಾದುದಕ್ಕೆ ಕಾರಣವನ್ನು ಹುಡುಕಹೊರಟರೆ ರಸಾಯನಶಾಲೆಯ ಕುಲುಮೆಯ ಬಳಿಗೆ ಬರಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪಿರಿಡೀನ್ ಮತ್ತು ಅದರ ಸಹೋದರನಾದ ಪಿಕೋಲೀನ್ ದೊರೆಯುತ್ತಿದ್ದುದು ಮೂಳೆಯೆಣ್ಣೆಯಿಂದ ಮತ್ತು ಕಲ್ಲಿದ್ದಲ ಡಾಂಬರಿನಿಂದ. ಸ್ಕಾಟ್‌ಲೆಂಡಿನ ಥಾಮಸ್ ಆಂಡರ್ಸನ್ ಅವುಗಳನ್ನು 1840ರ ದಶಕದಲ್ಲಿ ಬೇರ್ಪಡಿಸಿದ್ದನು. ಡಾಂಬರಿನಲ್ಲಿರುವುದು ಅತ್ಯಲ್ಪ, ಅದನ್ನು ನೆಚ್ಚಿ ದೇಶದ ಲಕ್ಷಾಂತರ ರೋಗಿಗಳಿಗೆ ಮದ್ದು ತಯಾರಿಸುವುದು ಅಸಾಧ್ಯ. ಇದಕ್ಕೆ ಪರಿಹಾರ ದೊರೆತದ್ದು ರಷ್ಯದ ಚಿಚಿಬಾಬಿನ್ ತೋರಿದ ಮಾರ್ಗದಿಂದ. ಅಸಿಟಾಲ್ಡಿಹೈಡಿನ ಆವಿಯನ್ನೂ ಅಮೋನಿಯವನ್ನೂ ಬೆರೆಸಿ, ಸುಮಾರು 400 ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಲ್ಯೂಮಿನ ಮತ್ತು ಸಿಲಿಕ ಸೇರಿದ ಘನ ವೇಗವರ್ಧಕದ ಮೇಲೆ ಹಾಯಿಸಿದರೆ, ಮೂರು ಅಸಿಟಾಲ್ಡಿಹೈಡ್ ಅಣುಗಳೂ ಒಂದು ಅಮೋನಿಯ ಅಣುವೂ ಕೂಡಿ ಪಿಕೋಲೀನ್ ಆಗುತ್ತದೆ. ಮೂರು ನೀರಿನ ಅಣುಗಳೂ ಒಂದು ಜಲಜನಕದ ಅಣುವೂ ಹೊರಬೀಳುತ್ತವೆ. ಇಂಗಾಲವೊಂದೂ ವ್ಯರ್ಥವಾಗದು. ಇದು ಲೆಕ್ಕದ ಮಾತು. ವಾಸ್ತವದಲ್ಲಿ ಒಂದಷ್ಟು ಇಂಗಾಲವು ಮಸಿಯಾಗಿ ವೇಗವರ್ಧಕದ ಮೇಲೆ ಕುಳಿತುಬಿಡುತ್ತದೆ, ಆಗಾಗ ಗಾಳಿಯಲ್ಲಿ ಸುಟ್ಟು ಅದನ್ನು ಶುಚಿಗೊಳಿಸಬೇಕಾಗುತ್ತದೆ.

ಈ ಕ್ರಿಯೆಯಲ್ಲಿ ಎರಡು ಬಗೆಯ ಪಿಕೋಲೀನುಗಳು ಒಟ್ಟಿಗೆ ಹುಟ್ಟುತ್ತವೆ. ಸಾರಜನಕದ ಪಕ್ಕದಲ್ಲಿ ಮೀಥೈಲ್ ಗುಂಪಿರುವುದು ಒಂದು. ಸಾರಜನಕಕ್ಕೆ ನೇರ ಎದುರಿನಲ್ಲಿರುವುದು ಇನ್ನೊಂದು. ಮೊದಲನೆಯದು 129 ಡಿಗ್ರಿಯಲ್ಲಿಯೂ ಎರಡನೆಯದು 145 ಡಿಗ್ರಿಯಲ್ಲಿಯೂ ಕುದಿಯುವುದರಿಂದ ಬಟ್ಟಿಯಿಳಿಸಿ ಬೇರ್ಪಡಿಸಬಹುದು. ಎದುರಿನದಕ್ಕೆ ಮತ್ತೆ ಅಮೋನಿಯವನ್ನೂ ಗಾಳಿಯ ಆಮ್ಲಜನಕವನ್ನೂ ಸೇರಿಸಿ, ಈ ಬಾರಿ ವನೇಡಿಯಂ ಆಕ್ಸೈಡಿನ ಮೇಲೆ ಹಾಯಿಸಿದರೆ ಮೀಥೈಲ್ ಗುಂಪು ಸಯನೈಡ್ ಗುಂಪಾಗಿ ಮಾರ್ಪಡುತ್ತದೆ. ಅನಂತರ ನೀರು, ಬಳಿಕ ಹೈಡ್ರಜೀನ್, ಐಸೋನಿಯಾಜಿಡ್ ಸಿದ್ಧ. ಪಿಕೋಲೀನಿನ ಮೂರನೆಯ ಬಗೆಯಿಂದ ಇದೇ ವನೇಡಿಯಂ ಮಾರ್ಗವಾಗಿ ನಯಾಸಿನ್ ಎಂಬ ಜೀವಸತ್ವವು ದೊರೆಯುತ್ತದೆ.

ಅಸಿಟಾಲ್ಡಿಹೈಡ್ ಎಲ್ಲಿಂದ ಬರುತ್ತದೆ? ಮದ್ಯಸಾರದಿಂದ. ಮದ್ಯಸಾರವೋ ಕಬ್ಬಿನ ಕಾಕಂಬಿಯಿಂದ. ಮಂಡ್ಯದ ಸೀಮೆಯಲ್ಲಿ ಕಾಕಂಬಿಯೆಂದರೆ ಏನೆಂಬುದನ್ನು ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಭಾರತದಲ್ಲಿ ಪಿರಿಡೀನ್ ಉದ್ಯಮವು ಬೆಳೆದದ್ದು ಈ ದಾರಿಯಲ್ಲಿಯೇ. ಉತ್ತರ ಪ್ರದೇಶದ ಗಜರೌಲದಲ್ಲಿರುವ ಕಾರ್ಖಾನೆ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಇದಕ್ಕಾಗಿ ಜಿಯೋಲೈಟ್ ಎಂಬ ಸೂಕ್ಷ್ಮರಂಧ್ರಗಳ ಖನಿಜವನ್ನು ಕುರಿತು ಸಂಶೋಧನೆ ನಡೆದಿದೆ. ಈ ಕೆಲಸಕ್ಕೆ ಬಳಸುವ ಜಿಯೋಲೈಟಿನ ರಂಧ್ರವು ಮಿಲಿಮೀಟರಿನ ಸುಮಾರು ಇಪ್ಪತ್ತು ಲಕ್ಷದಲ್ಲಿ ಒಂದು ಪಾಲು ಅಗಲ. ಉಂಗುರವೊಂದು ನುಸುಳಿ ಬರುವಷ್ಟೇ ಎಡೆ. ಅದಕ್ಕಿಂತ ದಪ್ಪನಾದ ಅಣು ಅಲ್ಲಿ ರೂಪುಗೊಳ್ಳಲೂ ಜಾಗವಿಲ್ಲ.

ಇಲ್ಲಿ ವೇಗವರ್ಧಕವೆಂಬ ಪದದ ಬಗ್ಗೆ ಒಂದು ಮಾತು. ಕ್ರಿಯೆಯ ವೇಗವನ್ನು ಹೆಚ್ಚಿಸಿ ತಾನು ಮಾತ್ರ ವ್ಯಯವಾಗದ ವಸ್ತು ಎಂಬ ವ್ಯಾಖ್ಯೆಯನ್ನು ಕೊಟ್ಟು ಪಠ್ಯಪುಸ್ತಕಗಳು ಮುಂದಿನ ಪಾಠಕ್ಕೆ ಹೋಗಿಬಿಡುತ್ತವೆ. ವ್ಯಾಖ್ಯೆ ಸರಿಯೇ, ಆದರೆ ವೇಗವರ್ಧಕವು ದೂರ ನಿಂತು ಹುರಿದುಂಬಿಸುವ ಪ್ರೇಕ್ಷಕನೆಂಬ ಭ್ರಮೆಯನ್ನು ಅದು ವಿದ್ಯಾರ್ಥಿಗಳಲ್ಲಿ ಹುಟ್ಟಿಸುತ್ತದೆ. ನಿಜವಾಗಿ ಅದು ಕ್ರಿಯೆಯಲ್ಲಿ ಮೈಮುಟ್ಟಿ ತೊಡಗುತ್ತದೆ. ಬಂಧಗಳನ್ನು ಕಟ್ಟಿಕೊಳ್ಳುತ್ತದೆ, ಮುರಿದುಕೊಳ್ಳುತ್ತದೆ, ಕೊನೆಯಲ್ಲಿ ಮೊದಲಿನ ರೂಪಕ್ಕೆ ಮರಳುತ್ತದೆ. ಬಯಲುಸೀಮೆಯಿಂದ ಕರಾವಳಿಗೆ ಇಳಿಯಬೇಕಾದವನಿಗೆ ಬೆಟ್ಟದ ನೆತ್ತಿಯನ್ನು ಹತ್ತಿಸದೆ ಘಾಟಿಯ ದಾರಿಯನ್ನು ತೋರುವಂತಹುದು ಅದರ ಕೆಲಸ. ಹೊರಟ ಊರಿನ ಎತ್ತರವನ್ನಾಗಲಿ ಸೇರುವ ಊರಿನ ಎತ್ತರವನ್ನಾಗಲಿ ಘಾಟಿಯು ಬದಲಿಸಲಾರದು. ಆದುದರಿಂದಲೇ ಆಗಲಾರದ ಕ್ರಿಯೆಯನ್ನು ಯಾವ ವೇಗವರ್ಧಕವೂ ಆಗಿಸಲಾರದು.

ಸರಿಯಾದ ಘಾಟಿಯಿಲ್ಲದೆ ಬೆಟ್ಟವನ್ನೇ ಹತ್ತಿದರೆ ಏನಾಗುತ್ತದೆಂಬುದಕ್ಕೆ ಸ್ಕ್ರಾಪ್ ಕ್ರಿಯೆ ಸಾಕ್ಷಿ. ಆಸ್ಟ್ರಿಯದ ಸ್ಕ್ರಾಪ್ 1880ರಲ್ಲಿ ಅನಿಲೀನ್, ಗ್ಲಿಸರಾಲ್, ಗಂಧಕಾಮ್ಲ ಮತ್ತು ನೈಟ್ರೊಬೆನ್‌ಜೀನ್ ಇವುಗಳನ್ನು ಒಟ್ಟಿಗೆ ಕಾಯಿಸಿ, ಕ್ವಿನೈನಿನ ಒಡಲಲ್ಲಿರುವ ಕ್ವಿನೊಲೀನ್ ಎಂಬ ಜೋಡಿ ಉಂಗುರವನ್ನು ಪಡೆದನು. ಉಪಾಯವೇನೋ ಜಾಣತನದ್ದೇ. ಆದರೆ ಆ ಮಿಶ್ರಣವು ಒಮ್ಮೆ ಕೆರಳಿತೆಂದರೆ ಪಾತ್ರೆಯಿಂದ ಉಕ್ಕಿ ಹೊರಚಿಮ್ಮುತ್ತಿತ್ತು. ಅದನ್ನು ಪಳಗಿಸಲು ಕಬ್ಬಿಣದ ಸಲ್ಫೇಟನ್ನು ಸೇರಿಸುವ ರೂಢಿ ಬಂತು. ಉಳಿಯುತ್ತಿದ್ದುದು ಕಪ್ಪು ಡಾಂಬರು ಮತ್ತು ರಾಶಿ ಆಮ್ಲ. ಇಂದು ರುಥೇನಿಯಂ, ಇರಿಡಿಯಂ ಲೋಹಗಳ ಸಂಕೀರ್ಣಗಳು ಮದ್ಯಸಾರದ ಜಾತಿಯ ಅಣುವಿನಿಂದ ಜಲಜನಕವನ್ನು ಮೆಲ್ಲನೆ ಬಿಡಿಸಿ, ಅಮೀನಿನೊಡನೆ ಕೂಡಿಸಿ ಅದೇ ಉಂಗುರವನ್ನು ಮುಚ್ಚಬಲ್ಲವು. ಹೊರಬರುವುದು ನೀರು ಮತ್ತು ಜಲಜನಕ ಮಾತ್ರ. ಈ ಲೋಹಗಳು ಬಲು ದುಬಾರಿಯಾದುದರಿಂದ ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟುಗಳಿಂದ ಇದೇ ಕೆಲಸವನ್ನು ಮಾಡಿಸುವ ಯತ್ನ ಎಲ್ಲೆಡೆ ನಡೆದಿದೆ.

ವಿಜ್ಞಾನ ಸಂಸ್ಥೆಯಲ್ಲಿ ಈ ಎರಡೂ ಎಳೆಗಳಿಗೆ ಹಳೆಯ ಬೇರುಗಳಿವೆ. ಅಲ್ಲಿನ ಸಾವಯವ ರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ಪ್ರಫುಲ್ಲಚಂದ್ರ ಗುಹ ಅವರು ಸಾರಜನಕ ಮತ್ತು ಗಂಧಕಗಳನ್ನೊಳಗೊಂಡ ಉಂಗುರಗಳ ಅಭ್ಯಾಸಿಗಳು. 1939 ರಿಂದ 1948ರವರೆಗೆ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷ್ ಅವರು ವೇಗವರ್ಧಕಗಳ ಮೇಲೆ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳಿಂದ ದ್ರವ ಇಂಧನವನ್ನು ಪಡೆಯುವ ಸಂಶೋಧನೆಯನ್ನು ಇಲ್ಲಿ ನಡೆಸಿದರು.

ಈಚಿನ ದಶಕಗಳಲ್ಲಿ ಈ ಕ್ಷೇತ್ರಕ್ಕೆ ಸಂದ ನೊಬೆಲ್ ಗೌರವಗಳನ್ನು ಗಮನಿಸಿದರೆ ಅದರ ಬೆಳವಣಿಗೆ ತಿಳಿದೀತು. 2010ರಲ್ಲಿ ಹೆಕ್, ನೆಗಿಷಿ, ಸುಝುಕಿ ಇವರಿಗೆ ಪಲ್ಲೇಡಿಯಂ ಲೋಹದಿಂದ ಇಂಗಾಲಗಳನ್ನು ಬೆಸೆದುದಕ್ಕಾಗಿ; ಇದೇ ಲೋಹದಿಂದ ಇಂಗಾಲಕ್ಕೆ ಸಾರಜನಕವನ್ನು ಬೆಸೆಯುವ ವಿಧಾನವನ್ನು ಬುಕ್‌ವಾಲ್ಡ್ ಮತ್ತು ಹಾರ್ಟ್‌ವಿಗ್ 1990ರ ದಶಕದಲ್ಲಿ ರೂಪಿಸಿದ್ದರು. 2022ರಲ್ಲಿ ಬರ್ಟೋಜಿ, ಮೆಲ್ಡಾಲ್, ಶಾರ್ಪ್‌ಲೆಸ್ ಇವರಿಗೆ. ಮೆಲ್ಡಾಲ್ ಮತ್ತು ಶಾರ್ಪ್‌ಲೆಸ್ 2002ರಲ್ಲಿ ಬೇರೆ ಬೇರೆಯಾಗಿ ಕಂಡದ್ದಿಷ್ಟು: ಅಝೈಡ್ ಮತ್ತು ಆಲ್ಕೈನ್ ಎಂಬ ಎರಡು ಗುಂಪುಗಳನ್ನು ಬರಿದೆ ಕಾಯಿಸಿದರೆ ನಿಧಾನವಾಗಿ ಎರಡು ಬಗೆಯ ಟ್ರಯಝೋಲ್ ಉಂಗುರಗಳ ಮಿಶ್ರಣ ದೊರೆಯುತ್ತದೆ, ತಾಮ್ರದ ಚಿಟಿಕೆಯೊಂದಿದ್ದರೆ ಕೊಠಡಿಯ ಉಷ್ಣತೆಯಲ್ಲಿ, ನೀರಿನಲ್ಲಿಯೇ, ಒಂದೇ ಬಗೆಯದು ದೊರೆಯುತ್ತದೆ. ಆ ಉಂಗುರದ ಐದು ಪರಮಾಣುಗಳಲ್ಲಿ ಮೂರು ಸಾರಜನಕಗಳು. ಇವೆರಡರ ನಡುವೆ 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್ ಅವರಿಗೆ ಸಂದ ಬಹುಮಾನ ಇನ್ನೂ ಸ್ವಾರಸ್ಯಕರವಾದುದು. ಲಿಸ್ಟ್ ಬಳಸಿದ ವೇಗವರ್ಧಕವು ಲೋಹವೇ ಅಲ್ಲ, ಪ್ರೊಲೀನ್ ಎಂಬ ಅಮೈನೊ ಆಮ್ಲ. ಅದೂ ಒಂದು ಸಾರಜನಕದ ಉಂಗುರವೇ! ಕಟ್ಟಲ್ಪಡುತ್ತಿದ್ದ ಉಂಗುರವು ಇಲ್ಲಿ ಕಟ್ಟುವ ಕೈಯಾಯಿತು.

ಲೋಹಗಳ ಬಳಕೆಗೆ ಒಂದು ತೊಡಕಿದೆ. ಅದರ ಶೇಷವು ಮದ್ದಿನಲ್ಲಿ ಉಳಿಯಬಾರದು. ಬಾಯಿಯ ಮೂಲಕ ಸೇವಿಸುವ ಔಷಧದಲ್ಲಿ ದಿನವೊಂದಕ್ಕೆ 100 ಮೈಕ್ರೋಗ್ರಾಮಿಗಿಂತ ಹೆಚ್ಚು ಪಲ್ಲೇಡಿಯಂ ದೇಹವನ್ನು ಸೇರಕೂಡದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಮರಳಿ ಕ್ಷಯಕ್ಕೆ ಬರೋಣ. ಐಸೋನಿಯಾಜಿಡ್ ತಾನಾಗಿಯೇ ರೋಗಾಣುವನ್ನು ಕೊಲ್ಲದು. ರೋಗಾಣುವಿನೊಳಗಿರುವ ಒಂದು ಕಿಣ್ವವು ಅದನ್ನು ಒಡೆದು ಚುರುಕುಗೊಳಿಸಬೇಕು. ಕಿಣ್ವವೆಂದರೆ ಜೀವಕೋಶದ ವೇಗವರ್ಧಕ. ಈ ಕಿಣ್ವದ ನಡುವೆ ನಾಲ್ಕು ಸಾರಜನಕದ ಉಂಗುರಗಳು ಸುತ್ತುವರಿದ ಕಬ್ಬಿಣದ ಪರಮಾಣುವೊಂದಿದೆ. ಚುರುಕುಗೊಂಡ ತುಣುಕು ನಯಾಸಿನಿನಿಂದಾದ ಇನ್ನೊಂದು ಅಣುವಿಗೆ ಅಂಟಿ, ರೋಗಾಣುವಿನ ಮೇಣದ ಕವಚವನ್ನು ಹೆಣೆಯುವ ಕೆಲಸವನ್ನು ನಿಲ್ಲಿಸುತ್ತದೆ. ಹೀಗೆ ರೋಗಾಣುವು ತನ್ನ ವೇಗವರ್ಧಕದಿಂದಲೇ ತನ್ನ ಮೃತ್ಯುವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಆದರೆ ಆ ಕಿಣ್ವವು ಕೆಟ್ಟುಹೋದ ರೋಗಾಣುವಿಗೆ ಐಸೋನಿಯಾಜಿಡ್ ಏನನ್ನೂ ಮಾಡಲಾರದು. ಮದ್ದನ್ನು ನಡುವೆ ಬಿಟ್ಟ ರೋಗಿಯ ದೇಹದಲ್ಲಿ ಇಂತಹವೇ ಉಳಿದು ಬೆಳೆಯುತ್ತವೆ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯವೆನ್ನುತ್ತಾರೆ. ಅದರ ಚಿಕಿತ್ಸೆಗೆಂದು 2012ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೆಡಾಕ್ವಿಲಿನ್ ಔಷಧದ ಒಡಲಲ್ಲಿರುವುದು ಸ್ಕ್ರಾಪ್ ಕಟ್ಟಿದ್ದ ಆ ಕ್ವಿನೊಲೀನ್ ಉಂಗುರವೇ.

ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿದ್ದ ಅಸ್ಟ್ರಾಜೆನೆಕ ಸಂಶೋಧನ ಕೇಂದ್ರವು ಕ್ಷಯಕ್ಕಾಗಿ ಇನ್ನೊಂದು ಉಂಗುರವನ್ನು ಹುಡುಕಿತು. ಐದು ಪರಮಾಣುಗಳ ಒಂದು ಉಂಗುರ, ಆರು ಪರಮಾಣುಗಳ ಇನ್ನೊಂದು, ಪ್ರತಿಯೊಂದರಲ್ಲಿಯೂ ಒಂದು ಸಾರಜನಕ, ಎರಡೂ ಬೆನ್ನು ಕೂಡಿಸಿ ನಿಂತ ಅಝಾಇಂಡೋಲ್ ಅದು. ರೋಗಾಣುವಿನ ಹೊರಗೋಡೆಗೆ ಬೇಕಾದ ಸಕ್ಕರೆಯನ್ನು ಸಿದ್ಧಪಡಿಸುವ ಬೇರೊಂದು ಕಿಣ್ವವನ್ನು ಅದು ತಡೆಯುತ್ತದೆ. ಆದುದರಿಂದ ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣುವಿನ ಮೇಲೂ ಕೆಲಸ ಮಾಡಬಲ್ಲುದು. ಉಂಗುರದ ಸುತ್ತಲಿನ ಗುಂಪುಗಳನ್ನು ಒಂದೊಂದಾಗಿ ಬದಲಿಸಿ, ರೋಗಾಣುವಿಗೆ ಮಾರಕವಾಗಿಯೂ ದೇಹಕ್ಕೆ ಸೈರಣೆಯಾಗಿಯೂ ಇರುವ ಅಣುವನ್ನು ಆರಿಸಿದ ವಿವರಗಳು 2013 ಮತ್ತು 2014ರ ಪ್ರಬಂಧಗಳಲ್ಲಿ ಪ್ರಕಟವಾದವು. ಅದೇ 2014ರ ಜನವರಿಯಲ್ಲಿ ಬೆಂಗಳೂರಿನ ಈ ಸಂಶೋಧನೆಯನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಬಡವರ ರೋಗಗಳ ಮದ್ದಿನಲ್ಲಿ ಲಾಭ ಕಡಿಮೆಯೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರವು ಮುಚ್ಚಿದರೂ ಅಣು ಉಳಿಯಿತು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡುವು; ಟಿಬಿಎ 7371 ಎಂಬ ಹೆಸರಿನಿಂದ ಅದು ಮನುಷ್ಯರ ಮೇಲಿನ ಪರೀಕ್ಷೆಯ ಹಂತವನ್ನು ತಲುಪಿತು.